ಫೋಮ್ ತರಿಸುವ ಮೊದಲು ಕುರ್ಚಿ ಸರಿಸಿ: ಮನೆ ಸ್ಟುಡಿಯೋದಲ್ಲಿ ಕೇಳುವ ಜಾಗ ಹುಡುಕುವ ಬಗೆ

ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಕಡೆಯಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮನೆಯ ಒಂದು ಕೋಣೆಯಲ್ಲಿ ರೆಕಾರ್ಡಿಂಗ್ ಶುರು ಮಾಡಿದ್ದೇವೆ, ಇಲ್ಲಿ ಕೂತು ಕೇಳಿದರೆ ತಬಲಾದ ಡಗ್ಗಾ ಹದವಾಗಿದೆ, ಅದೇ ಫೈಲನ್ನು ಕಾರಿನಲ್ಲಿ ಹಾಕಿದರೆ ಗುಂಯ್ ಅನ್ನುತ್ತದೆ. ಗೋಡೆಗೆ ಅಂಟಿಸಲು ಯಾವ ಫೋಮ್ ತರಿಸಲಿ? ಸ್ಪೀಕರ್ ಬದಲಿಸಲೇ? ಯಕ್ಷಗಾನದ ಪದ ಮುದ್ರಿಸುವವರ ಗೋಳೂ ಇದೇ. ಸ್ಟುಡಿಯೋದಲ್ಲಿ ಮದ್ದಲೆ ಕೇಳುವುದೇ ಇಲ್ಲವೆಂದು ಏರಿಸುತ್ತಾರೆ, ಹೊರಗೆ ಅದು ಭಾಗವತರ ದನಿಯನ್ನೇ ನುಂಗುತ್ತದೆ.

ಎಲ್ಲರಿಗೂ ನಾನು ಮೊದಲು ಹೇಳುವುದು: ಸದ್ಯಕ್ಕೆ ಏನನ್ನೂ ತರಿಸಬೇಡಿ. ನೀವು ಕೂರುವ ಕುರ್ಚಿಯನ್ನು ಸರಿಸಿ ನೋಡಿ. ಒಂದು ಗೇಣು ಮುಂದೆ ಹಿಂದೆ ಆದರೆ ಸಾಕು, ಅದೇ ಸ್ಪೀಕರು ಬೇರೆಯೇ ಸ್ಪೀಕರಿನಂತೆ ಕೇಳುತ್ತದೆ. ದುಡ್ಡು ಖರ್ಚಾಗದ ಈ ಕೆಲಸವನ್ನು ಬಿಟ್ಟು ಎಲ್ಲರೂ ದುಡ್ಡಿನ ಕೆಲಸದಿಂದ ಶುರು ಮಾಡುತ್ತಾರೆ.

ಕೋಣೆ ಏನು ಮಾಡುತ್ತದೆ

ಸ್ಪೀಕರಿನಿಂದ ಹೊರಟ ದನಿಯಲ್ಲಿ ಒಂದು ಪಾಲು ನೇರ ಕಿವಿಗೆ ಬರುತ್ತದೆ. ಉಳಿದದ್ದು ಗೋಡೆ, ನೆಲ, ಮಾಡಿಗೆ ಬಡಿದು ತುಸು ತಡವಾಗಿ ಬರುತ್ತದೆ. ಚಂಡೆಯ ಪೆಟ್ಟು, ತಾಳದ ಝಣತ್ಕಾರದಂಥ ಎತ್ತರದ ದನಿಗಳ ಅಲೆ ಇಂಚುಗಳ ಲೆಕ್ಕದ್ದು. ತಗ್ಗಿನ ದನಿಗಳ ಅಲೆ ಹಾಗಲ್ಲ. ಸೆಕೆಂಡಿಗೆ ನೂರು ಸಲ ಕಂಪಿಸುವ ದನಿಯನ್ನು 100 ಹರ್ಟ್ಸ್ ಎನ್ನುತ್ತೇವೆ. ಅದರ ಒಂದು ಅಲೆ ಸುಮಾರು 11 ಅಡಿ ಉದ್ದ. 50 ಹರ್ಟ್ಸ್‌ನದು 22 ಅಡಿಗೂ ಹೆಚ್ಚು. ನಿಮ್ಮ ಕೋಣೆಯೇ ಅಷ್ಟಿಲ್ಲ.

ದನಕ್ಕೆ ನೀರಿಡುವ ಉದ್ದನೆಯ ಬಾನಿಯ ಒಂದು ತುದಿಯನ್ನು ಕುಲುಕಿ ನೋಡಿ. ನೀರು ಎರಡೂ ತುದಿಯಲ್ಲಿ ಏರಿ ಇಳಿಯುತ್ತದೆ, ನಟ್ಟನಡುವೆ ಮಟ್ಟ ಕದಲುವುದೇ ಇಲ್ಲ. ಎರಡು ಗೋಡೆಗಳ ನಡುವೆ ಸಿಕ್ಕ ಬೇಸ್‌ನ, ಅಂದರೆ ತಗ್ಗಿನ ದನಿಯ, ಗತಿಯೂ ಅದೇ. ಗೋಡೆಯ ಬುಡದಲ್ಲಿ ಉಬ್ಬು, ನಡುವಿನಲ್ಲಿ ಮೌನ. ಕೋಣೆಯ ಅಳತೆಗೆ ತಕ್ಕಂತೆ ಕೆಲವೇ ಸ್ವರಗಳು ಹೀಗೆ ನಿಂತುಬಿಡುವುದಕ್ಕೆ ರೂಮ್ ಮೋಡ್ ಎಂದು ಹೆಸರು. ಆ ಸ್ವರ ಕೇಳದೇ ಹೋಗುವ ಜಾಗವನ್ನು ನಲ್ ಎನ್ನುತ್ತಾರೆ.

ಮನೆಯ ಕೋಣೆಗಳಲ್ಲಿ ಸುಮಾರು 200–300 ಹರ್ಟ್ಸ್‌ನ ಕೆಳಗೆ ಸ್ಪೀಕರಿಗಿಂತ ಕೋಣೆಯ ಮಾತೇ ನಡೆಯುತ್ತದೆ. ಡಗ್ಗಾ, ಮದ್ದಲೆಯ ಗುಂಕಾರ, ತಂಬೂರಿಯ ಖರ್ಜದ ತಂತಿ, ಗಂಡು ದನಿಯ ಮಂದ್ರ ಎಲ್ಲ ಇರುವುದು ಅಲ್ಲಿಯೇ. ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಗೆ ಕೂಡಿಸಿದ ಗಂಡು ತಂಬೂರಿಯ ಖರ್ಜ ಸುಮಾರು 69 ಹರ್ಟ್ಸ್.

ಇಲ್ಲೇ ಒಂದು ಎಚ್ಚರಿಕೆ. ನಲ್‌ನಲ್ಲಿ ಕೂತು, ಬೇಕಾದ ಸ್ವರವನ್ನು ಏರಿಸಿ ಇಳಿಸುವ ಈಕ್ವಲೈಜರ್‌ನಿಂದ ಆ ಸ್ವರವನ್ನು ಏರಿಸಿದರೆ ಪ್ರಯೋಜನವಿಲ್ಲ. ನೇರ ಬಂದ ಅಲೆಯೂ ಮರಳಿ ಬಂದ ಅಲೆಯೂ ಒಂದನ್ನೊಂದು ಅಳಿಸಿಕೊಳ್ಳುತ್ತಿವೆ. ಎಷ್ಟು ಏರಿಸಿದರೂ ಅಷ್ಟೇ ಅಳಿಯುತ್ತದೆ, ಸ್ಪೀಕರಿಗೆ ಮಾತ್ರ ಹೊರೆ. ಅಲ್ಲಿಂದ ಎದ್ದು ಬೇರೆ ಕಡೆ ಕೂರುವುದೇ ಮದ್ದು.

ಬೇಕಾಗುವ ಸಾಮಾನು

ಅಳತೆ ಟೇಪ್, ಚಿಕ್ಕದೊಂದು ಕನ್ನಡಿ, ದಾರ, ಮಾಸ್ಕಿಂಗ್ ಟೇಪ್, ನೋಟ್‌ಬುಕ್. ಸ್ಪೀಕರುಗಳ ಬಗ್ಗೆ: ಹತ್ತಿರ ಕೂತು ಕೇಳಲೆಂದೇ ಮಾಡಿದ ನಿಯರ್‌ಫೀಲ್ಡ್ ಮಾನಿಟರ್ ಇದ್ದರೆ ಒಳ್ಳೆಯದು, ಮನೆಯ ಸ್ಟೀರಿಯೋ ಸ್ಪೀಕರಾದರೂ ವಿಧಾನ ಇದೇ. ಕೈಗೆ ಒಬ್ಬ ಜನ ಬೇಕು. ಮನೆಯ ಮಕ್ಕಳು ಸಾಕು. ಅಳೆಯುವ ಮೈಕ್ ಇದ್ದರೆ ಕೊನೆಯ ಹಂತಕ್ಕೆ ಉಪಯೋಗ, ಇಲ್ಲದಿದ್ದರೆ ಕೆಲಸವೇನೂ ನಿಲ್ಲುವುದಿಲ್ಲ.

1. ಕೋಣೆ ಅಳೆಯಿರಿ, ಮುಖ ಯಾವ ಕಡೆಗೆಂದು ಗೊತ್ತುಮಾಡಿ

ಉದ್ದ, ಅಗಲ, ಎತ್ತರ ಮೂರನ್ನೂ ಬರೆದಿಡಿ. ಸ್ಪೀಕರುಗಳು ಗಿಡ್ಡ ಗೋಡೆಯ ಕಡೆಗಿದ್ದು ಉದ್ದಕ್ಕೆ ಮುಖ ಮಾಡಿರಲಿ. ಆಗ ನಿಮ್ಮ ಬೆನ್ನ ಹಿಂದೆ ಜಾಗ ಸಿಗುತ್ತದೆ, ಹಿಂದಿನ ಗೋಡೆಯ ಮರುದನಿ ದುರ್ಬಲವಾಗಿ, ತಡವಾಗಿ ಬರುತ್ತದೆ.

ಎಡ-ಬಲ ಸಮವಾಗಿರುವುದು ಇದಕ್ಕಿಂತಲೂ ಮುಖ್ಯ. ಎಡಕ್ಕೆ ಕಿಟಕಿ, ಬಲಕ್ಕೆ ಕಬ್ಬಿಣದ ಕಪಾಟು ಇದ್ದರೆ ಹಾಡುಗಾರರ ದನಿ ನಡುವಿನಲ್ಲಿ ನಿಲ್ಲದೆ ಒಂದು ಕಡೆಗೆ ವಾಲುತ್ತದೆ. ಆ ಕಪಾಟನ್ನು ಹಿಂದಕ್ಕೆ ಸಾಗಿಸಿ. ಅದರ ತಗಡು ಬೇಸ್‌ಗೆ ನಡುಗುವ ಉಪದ್ರವೂ ಉಂಟು.

ನಮ್ಮ ಕಡೆಯ ಮನೆಗಳ ವಿಚಾರಕ್ಕೆ ಬಂದರೆ, ಗಿಲಾವು ಮಾಡಿದ ಚಿರೆಕಲ್ಲಿನ ಗೋಡೆ, ರೆಡ್ ಆಕ್ಸೈಡ್ ನೆಲ, ಮೇಲೆ ಸ್ಲ್ಯಾಬ್ ಇರುವ ಕೋಣೆ ಬೇಸ್ ಅನ್ನು ಹೊರಗೆ ಬಿಡುವುದೇ ಇಲ್ಲ. ಗಿಲಾವಿಲ್ಲದ ಚಿರೆಕಲ್ಲು ತೂತುತೂತಾಗಿರುತ್ತದಲ್ಲ, ಅದು ದನಿ ಹೀರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆ ಚಿಕ್ಕ ತೂತುಗಳು ತೀರ ಎತ್ತರದ ದನಿಗೆ ತುಸು ತಾಗಬಹುದು, ಬೇಸ್‌ಗೆ ಅದು ಬರೀ ಗೋಡೆ. ಹಳೆಯ ಹಂಚಿನ ಮನೆಯ ಅಟ್ಟ ಈ ವಿಷಯದಲ್ಲಿ ವಾಸಿ. ಹಂಚಿನ ಸಂದಿನಿಂದ ಬೇಸ್ ಹೊರಗೆ ಸೋರಿ ಹೋಗುತ್ತದೆ, ಒಳಗೆ ಗುಂಯ್ಗುಡುವುದು ಕಡಿಮೆ. (ನೆರೆಮನೆಯವರಿಗೆ ಕೇಳುವುದು ಹೆಚ್ಚು, ಅದು ಬೇರೆ ಮಾತು.) ಇಳಿಜಾರು ಮಾಡಿನ ಕೆಳಗೆ ಕೂರುವುದಾದರೆ ಒಂದು ನಿಯಮ ನೆನಪಿಡಿ: ಮಾಡು ಮುಂದಿನಿಂದ ಹಿಂದಕ್ಕೆ ಏರುತ್ತ ಹೋಗಲಿ, ಸ್ಪೀಕರ್ ತಗ್ಗಿನ ಕಡೆ, ನಿಮ್ಮ ಬೆನ್ನು ಎತ್ತರದ ಕಡೆ. ಎರಡೂ ಬದಿಗೆ ಇಳಿಯುವ ಮಾಡಾದರೆ ಏಣಿನ ಸರಿ ಕೆಳಗೆ ಕೂತು, ಏಣಿನ ಉದ್ದಕ್ಕೇ ಮುಖ ಮಾಡಿ. ಹಾಗಾದಾಗ ಎಡ-ಬಲ ಸಮ ಉಳಿಯುತ್ತದೆ.

ಹತ್ತಕ್ಕೆ ಹತ್ತರ ಚೌಕ ಕೋಣೆ ಬಿಟ್ಟು ಬೇರೆ ಆಯ್ಕೆ ಇದೆಯೇ ನೋಡಿ. ಉದ್ದ-ಅಗಲ ಒಂದೇ ಆದರೆ ಎರಡೂ ಕಡೆಯ ಮೋಡ್ ಒಂದೇ ಸ್ವರದ ಮೇಲೆ ಬಂದು ಕೂರುತ್ತವೆ. ಎತ್ತರವೂ ಹತ್ತೇ ಆಗಿದ್ದರೆ ಆ ಕೋಣೆಯನ್ನು ಅಡಕೆ ಚೀಲ ಇಡಲು ಬಿಟ್ಟುಕೊಡಿ.

2. ಕೂರಬಾರದ ಜಾಗಗಳನ್ನು ನೆಲದ ಮೇಲೆ ಗುರುತಿಸಿ

ಲೆಕ್ಕ ಬಹಳ ಸುಲಭ. 565 ಅನ್ನು ಅಡಿಯಲ್ಲಿರುವ ಅಳತೆಯಿಂದ ಭಾಗಿಸಿ, ಆ ದಿಕ್ಕಿನ ಮೊದಲ ಮೋಡ್ ಹರ್ಟ್ಸ್‌ನಲ್ಲಿ ಸಿಗುತ್ತದೆ. ದನಿಯ ವೇಗ ಸೆಕೆಂಡಿಗೆ ಸುಮಾರು 1130 ಅಡಿ, ಅದರ ಅರ್ಧ 565. ನಮ್ಮ ಸೆಕೆಯಲ್ಲಿ ವೇಗ ಕೂದಲೆಳೆಯಷ್ಟು ಹೆಚ್ಚು, ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

14 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ಕೋಣೆ ಎಂದುಕೊಳ್ಳೋಣ. ಉದ್ದಕ್ಕೆ ಸುಮಾರು 40 ಹರ್ಟ್ಸ್, ಎರಡನೆಯ ಮೋಡ್ ಅದರ ಎರಡು ಪಟ್ಟು 81, ಮೂರನೆಯದು ಮೂರು ಪಟ್ಟು 121. ಅಗಲಕ್ಕೆ 57, 113. ಎತ್ತರಕ್ಕೆ 63, 126. ಈಗ ಪಟ್ಟಿ ನೋಡಿ: 113, 121, 126 ಮೂರೂ ಒತ್ತೊತ್ತಾಗಿ ಕೂತಿವೆ. ಕಪ್ಪು ಒಂದರಲ್ಲಿ ಹಾಡುವವರ ಮಂದ್ರದ ಧೈವತ, ಕೋಮಲ ನಿಷಾದ ಬೀಳುವುದು ಸರಿಯಾಗಿ ಇಲ್ಲಿಯೇ. ಹಾಡುಗಾರರು ಆ ಸ್ವರಕ್ಕೆ ಇಳಿದಾಗಲೆಲ್ಲ ದನಿ ಉಬ್ಬಿದಂತೆ ಕೇಳಿದರೆ ತಪ್ಪು ಅವರದೋ ಮೈಕಿನದೋ ಎಂದು ಹುಡುಕುವ ಮೊದಲು ಈ ಪಟ್ಟಿ ತೆಗೆಯಿರಿ.

ಈಗ ಉದ್ದಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಉದ್ದದ ಸರಿ ಅರ್ಧ, ಅಂದರೆ 7 ಅಡಿ, ಇದು ಅತಿ ಕೆಟ್ಟ ಜಾಗ. ಮೊದಲ ಮೋಡ್‌ನ ನಲ್ ಇಲ್ಲೇ, ಮೂರನೆಯದರದ್ದೂ ಇಲ್ಲೇ. ಕಾಲು ಮತ್ತು ಮುಕ್ಕಾಲು ಉದ್ದ, 3 ಅಡಿ 6 ಇಂಚು ಮತ್ತು 10 ಅಡಿ 6 ಇಂಚು, ಎರಡನೆಯ ಮೋಡ್‌ನ ನಲ್. ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ಎರಡು ಮೂರು ಅಡಿಯೊಳಗೆ ಎಲ್ಲ ಬೇಸ್ ಉಬ್ಬಿ ನಿಂತಿರುತ್ತದೆ.

ಕೋಣೆ ಚಿಕ್ಕದು, ನಡುವಿನಲ್ಲಿ ಓಡಾಡಲು ಜಾಗ ಬೇಕು ಎಂದು ಮೇಜನ್ನು ಒಂದು ಗೋಡೆಗೆ ಒತ್ತಿ, ಕುರ್ಚಿಯನ್ನು ಎದುರು ಗೋಡೆಗೆ ಆನಿಸಿ ಕೂರುವವರು ಬಹಳ. ಅಲ್ಲಿ ಕೂತು ಮಾಡಿದ ಮಿಕ್ಸ್‌ನಲ್ಲಿ, ಅಂದರೆ ಎಲ್ಲ ದನಿಗಳನ್ನು ಹದವಾಗಿ ಬೆರೆಸಿದ ಮುದ್ರಣದಲ್ಲಿ, ಬೇಸ್ ಯಾವಾಗಲೂ ಕಮ್ಮಿ ಬೀಳುತ್ತದೆ. ಕಿವಿಗೆ ಅದು ತುಂಬ ಕೇಳುತ್ತಿರುವುದರಿಂದ ಕೈ ತಾನಾಗಿಯೇ ಇಳಿಸುತ್ತದೆ.

3. ಕುರ್ಚಿಯನ್ನು ತಾತ್ಕಾಲಿಕವಾಗಿ ಶೇಕಡಾ 38ಕ್ಕೆ ಇಡಿ

ಸ್ಪೀಕರಿನ ಹಿಂದಿನ ಗೋಡೆಯಿಂದ ಉದ್ದದ ಶೇಕಡಾ 38. ನಮ್ಮ ಉದಾಹರಣೆಯಲ್ಲಿ 5 ಅಡಿ 4 ಇಂಚು. ಅಳೆಯಬೇಕಾದ್ದು ನಿಮ್ಮ ಕಿವಿ ಇರುವ ಜಾಗಕ್ಕೆ, ಕುರ್ಚಿಯ ಕಾಲಿಗಲ್ಲ.

ಈ 38 ಎಲ್ಲ ಕಡೆ ಮಂತ್ರದಂತೆ ಓಡಾಡುತ್ತದೆ. ಅದರಲ್ಲಿ ಪವಾಡವೇನಿಲ್ಲ. ಕಾಲು ಮತ್ತು ಅರ್ಧ, ಎರಡೂ ಕೆಟ್ಟ ಜಾಗಗಳ ಹೆಚ್ಚುಕಡಿಮೆ ನಡುವಿನ ಬಿಂದು ಅದು, ಅಷ್ಟೇ. ಮೊದಲ ಮೂರು ಮೋಡ್‌ಗಳಲ್ಲಿ ಯಾವುದೂ ಅಲ್ಲಿ ಪೂರ್ತಿ ಸಾಯುವುದಿಲ್ಲ. ಹಾಗಂತ ಅದೇ ಕೊನೆಯ ಉತ್ತರವೂ ಅಲ್ಲ. ನಿಮ್ಮ ಕೋಣೆಯಲ್ಲಿ ಬಾಗಿಲಿದೆ, ಕಿಟಕಿಯಿದೆ, ಗೋಡೆಗೂಡು ಇದೆ, ಹಂಚಿನ ಮಾಡಿದೆ. ಲೆಕ್ಕ ನಿಮ್ಮನ್ನು ಬಾಗಿಲ ತನಕ ತಂದು ಬಿಡುತ್ತದೆ, ಒಳಗೆ ಕಿವಿಯೇ ಹೋಗಬೇಕು.

ಅಗಲದಲ್ಲಿ ಮಾತ್ರ ಸರಿ ನಡುವಿನಲ್ಲೇ ಕೂರಿ. ಉದ್ದದ ನಡು ಕೆಟ್ಟದ್ದಾದರೆ ಅಗಲದ ನಡು ಹೇಗೆ ಒಳ್ಳೆಯದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಎರಡೂ ಸ್ಪೀಕರು ಸಮದೂರದಲ್ಲಿದ್ದು ಒಂದೇ ಬೇಸ್ ಕೊಡುತ್ತಿರುವಾಗ ಅಗಲದ ಮೊದಲ ಮೋಡ್ ಏಳುವುದೇ ಇಲ್ಲ, ಎಡದವನ ತಳ್ಳಾಟವನ್ನು ಬಲದವನು ಹೊಡೆದುಹಾಕುತ್ತಾನೆ. ಅದಕ್ಕೇ ಇಲ್ಲಿ ನಡುವೆ ಕೂತರೆ ಕಳೆದುಕೊಳ್ಳುವುದು ಕಡಿಮೆ, ಸ್ಟೀರಿಯೋ ಮಾತ್ರ ಸರಿಯಾಗಿ ಸಿಗುತ್ತದೆ.

4. ಸ್ಪೀಕರುಗಳನ್ನು ತ್ರಿಕೋನಕ್ಕೆ ಕೂಡಿಸಿ

ಎರಡು ಸ್ಪೀಕರಿನ ನಡುವಿನ ದೂರ, ಪ್ರತಿ ಸ್ಪೀಕರಿನಿಂದ ನಿಮ್ಮ ತಲೆಗಿರುವ ದೂರ, ಮೂರೂ ಒಂದೇ ಇರಲಿ. ಅಳೆಯುವುದು ಟ್ವೀಟರಿನಿಂದ. ಎತ್ತರದ ದನಿ ಕೊಡುವ ಚಿಕ್ಕ ಗುಮ್ಮಟ ಅದು. ಟೇಪಿಗಿಂತ ದಾರ ಇಲ್ಲಿ ಅನುಕೂಲ: ಒಂದು ತುಂಡು ಕತ್ತರಿಸಿ, ಮೂರು ಬದಿಗೂ ಹಿಡಿದು ನೋಡಿ. ಎರಡೂ ಸ್ಪೀಕರ್ ನಿಮ್ಮ ಕಡೆ ತಿರುಗಿರಲಿ, ಅವುಗಳ ನೋಟ ತಲೆಯ ಹಿಂದೆ ಅರ್ಧ ಅಡಿಯಲ್ಲಿ ಕೂಡಿದರೆ ನೀವು ಸ್ವಲ್ಪ ಆಚೀಚೆ ವಾಲಿದರೂ ದನಿಗಳ ಎಡ-ಬಲದ ಚಿತ್ರ ಕೆಡುವುದಿಲ್ಲ.

ಟ್ವೀಟರ್ ಕಿವಿಯ ಎತ್ತರಕ್ಕೇ ಬರಬೇಕು. ಕುರ್ಚಿಯಲ್ಲಿ ಕೂತಾಗ ಕಿವಿ ನೆಲದಿಂದ ಸುಮಾರು 4 ಅಡಿ ಇರುತ್ತದೆ, ಮೇಜಿನ ಮೇಲೆ ಹಾಗೇ ಇಟ್ಟ ಸ್ಪೀಕರ್ ಅದಕ್ಕಿಂತ ತಗ್ಗು. ಜೊತೆಗೆ ಅಗಲವಾದ ಮೇಜಿನ ಹಲಗೆಯಿಂದ ದನಿ ಪುಟಿದು ಬಂದು ನೇರದ ದನಿಯನ್ನು ಕೆಡಿಸುತ್ತದೆ. ಮೇಜಿನ ಹಿಂದೆ ಬೇರೆ ಸ್ಟ್ಯಾಂಡ್ ಮೇಲಿಟ್ಟರೆ ಉತ್ತಮ. ಕಬ್ಬಿಣದ ಸ್ಟ್ಯಾಂಡ್ ಇಲ್ಲದವರು ಚಿರೆಕಲ್ಲು ಪೇರಿಸಿ ಮೇಲೆ ದಪ್ಪ ರಬ್ಬರ್ ಹಾಳೆ ಹಾಕಬಹುದು. ಅಷ್ಟು ಭಾರದ, ಅಲುಗದ ಪೀಠ ಪೇಟೆಯಲ್ಲಿ ಸಿಗುವುದು ಕಷ್ಟ. ಎತ್ತರ ಪೇರಿಸಿದರೆ ವಾಲುವ ಭಯ ಇರುವುದರಿಂದ ಕೊನೆಗೆ ಗಾರೆ ಹಾಕಿ ಕೂಡಿಸಬೇಕು, ಜಾಗ ನಿಕ್ಕಿಯಾಗುವ ತನಕ ಮಾತ್ರ ಗಾರೆಯ ಮಾತೆತ್ತಬೇಡಿ.

5. ಸ್ಪೀಕರಿನ ಹಿಂದಿನ ಗೋಡೆ

ತಗ್ಗಿನ ದನಿ ಸ್ಪೀಕರಿನ ಮುಂದಕ್ಕಷ್ಟೇ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಹಿಂದಿನ ಗೋಡೆಗೆ ಬಡಿದು ಮರಳಿ ಬಂದದ್ದು ಒಂದು ನಿರ್ದಿಷ್ಟ ಸ್ವರದಲ್ಲಿ ನೇರದ ದನಿಯನ್ನು ಅಳಿಸುತ್ತದೆ. ಯಾವ ಸ್ವರ? ಸ್ಪೀಕರಿನ ಮುಂಭಾಗದಿಂದ ಗೋಡೆಗೆ ಎಷ್ಟು ಅಡಿಯೋ ಅದರಿಂದ 282 ಅನ್ನು ಭಾಗಿಸಿ. ಒಂದು ಅಡಿಯಾದರೆ 282 ಹರ್ಟ್ಸ್, ಎರಡು ಅಡಿಗೆ 141, ಮೂರು ಅಡಿಗೆ 94. ಎರಡು-ಮೂರು ಅಡಿಯ ಅಂತರ ನೋಡಲು ಚಂದ, ಆದರೆ ಹಳ್ಳ ಬೀಳುವುದು ಡಗ್ಗಾ, ಮದ್ದಲೆ, ಗಂಡು ದನಿಯ ನಟ್ಟನಡುವೆ.

ಚಿಕ್ಕ ಕೋಣೆಯಲ್ಲಿ ನನ್ನ ಸಲಹೆ, ಸ್ಪೀಕರನ್ನು ಗೋಡೆಯ ಹತ್ತಿರ ತಳ್ಳಿ. ಹಳ್ಳ 200 ಹರ್ಟ್ಸ್‌ನ ಮೇಲಕ್ಕೆ ಏರುತ್ತದೆ, ಅಲ್ಲಿ ದನಿ ಹೀರುವ ನಾಲ್ಕು ಇಂಚಿನ ಪ್ಯಾನಲ್ ಒಂದು ಸ್ಪೀಕರಿನ ಹಿಂದೆ ಇದ್ದರೆ ಕೆಲಸ ಮಾಡುತ್ತದೆ. ಹತ್ತಿರ ತಂದಾಗ ಒಟ್ಟು ಬೇಸ್ ಉಬ್ಬುತ್ತದೆ. ಅನೇಕ ಮಾನಿಟರ್‌ಗಳ ಹಿಂಭಾಗದಲ್ಲಿ ಅದನ್ನು ಇಳಿಸುವ ಸ್ವಿಚ್ ಇರುತ್ತದೆ, ಅದು ಇರುವುದೇ ಇದಕ್ಕಾಗಿ. ಹಿಂಬದಿಯಲ್ಲಿ ಗಾಳಿಯ ತೂತು ಇರುವ ಸ್ಪೀಕರಾದರೆ ನಾಲ್ಕೈದು ಇಂಚು ಬಿಡಿ, ಪೂರ್ತಿ ಒತ್ತಬೇಡಿ. ಮೂಲೆಗಂತೂ ಬೇಡವೇ ಬೇಡ.

ಉದಾಹರಣೆಯ ಕೋಣೆಗೆ ಹೊಂದಿಸೋಣ. ಸ್ಪೀಕರುಗಳ ನಡುವೆ 4 ಅಡಿ ಇಟ್ಟರೆ ತ್ರಿಕೋನದ ಆಳ ಸುಮಾರು 3 ಅಡಿ 6 ಇಂಚು, ಸ್ಪೀಕರಿನ ಮುಖ ಗೋಡೆಯಿಂದ 1 ಅಡಿ 10 ಇಂಚಿನಲ್ಲಿ ನಿಲ್ಲುತ್ತದೆ. ಹಳ್ಳ ಸುಮಾರು 154 ಹರ್ಟ್ಸ್‌ನಲ್ಲಿ. ನಡುವಿನ ದೂರವನ್ನು 4 ಅಡಿ 8 ಇಂಚು ಮಾಡಿದರೆ ಆಳ 4 ಅಡಿ ಆಗಿ ಮುಖ ಗೋಡೆಯಿಂದ 1 ಅಡಿ 4 ಇಂಚಿಗೆ ಬರುತ್ತದೆ, ಹಳ್ಳ 210ಕ್ಕೆ ಏರುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಪಕ್ಕದ ಗೋಡೆಗೆ 2 ಅಡಿ 8 ಇಂಚು ಉಳಿಯುತ್ತದೆ, ಅದು ಅಗಲದ ಕಾಲು ಭಾಗಕ್ಕೆ ಹತ್ತಿರ. ಅಲ್ಲಿಟ್ಟ ಸ್ಪೀಕರ್ ಅಗಲದ ಎರಡನೆಯ ಮೋಡನ್ನು ಸರಿಯಾಗಿ ಎಬ್ಬಿಸಲಾರದು. ಹಾಗಾಗಿ ಮೊದಲು ಹೆದರಿಸಿದ 113 ಹರ್ಟ್ಸ್ ತಾನಾಗಿಯೇ ತಣ್ಣಗಾಗುತ್ತದೆ.

ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ ಮೂರಕ್ಕೂ ಸ್ಪೀಕರಿನಿಂದ ಒಂದೇ ದೂರ ಇರದಂತೆ ನೋಡಿಕೊಳ್ಳಿ. ಮೂರು ಹಳ್ಳ ಒಂದೇ ಕಡೆ ಬಿದ್ದರೆ ಗುಂಡಿಯಾಗುತ್ತದೆ.

6. ಸ್ವರ ಹಿಡಿದು ಕುರ್ಚಿ ಸರಿಸುವುದು

ಇಡೀ ಕೆಲಸದ ತಿರುಳು ಇದೇ. ಹಿಂದಿನದನ್ನೆಲ್ಲ ಅಂದಾಜಿಗೆ ಮಾಡಿದ್ದರೂ ಇದನ್ನು ಅವಸರದಲ್ಲಿ ಮಾಡಬೇಡಿ.

ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸಾದಾ ಸೈನ್ ದನಿ ಕೊಡುವ ಸಿಂಥ್ ಇರುತ್ತದೆ. ಸೈನ್ ಎಂದರೆ ಯಾವ ಉಪಸ್ವರವೂ ಬೆರೆಯದ ಬರೀ ಒಂದು ಕಂಪನ. ಅದರಲ್ಲಿ 65 ಹರ್ಟ್ಸ್‌ನ ಬಿಳಿ ಒಂದರಿಂದ ಹಿಡಿದು ಎರಡು ಸಪ್ತಕ ಮೇಲಿನ ತನಕ, ಕಪ್ಪು ಬಿಳಿ ಒಂದನ್ನೂ ಬಿಡದೆ, ಪ್ರತಿ ಸ್ವರ ಎರಡು ಸೆಕೆಂಡಿನಂತೆ, ಎಲ್ಲಕ್ಕೂ ಒಂದೇ ಬಲ ಕೊಟ್ಟು ಒಂದು ಸಾಲು ಮಾಡಿಕೊಳ್ಳಿ. ಇಷ್ಟು ಆಗದವರು ಮೊಬೈಲಿನ ಟೋನ್ ಜನರೇಟರ್ ಆ್ಯಪ್ ಅನ್ನು ಸ್ಪೀಕರಿಗೆ ಜೋಡಿಸಿ, 60ರಿಂದ 200 ಹರ್ಟ್ಸ್ ತನಕ ಐದೈದು ಏರಿಸುತ್ತ ಹೋಗಬಹುದು. ದನಿ ಮೆಲ್ಲಗಿರಲಿ. ಜೋರಾದ ಸೈನ್ ದನಿ ಚಿಕ್ಕ ವೂಫರನ್ನು, ಅಂದರೆ ಬೇಸ್ ಕೊಡುವ ಕೋನನ್ನು, ಸುಟ್ಟೀತು.

ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳಿ. ಯಾವ ಸ್ವರ ಕಾಣೆಯಾಯಿತು, ಯಾವುದು ಎದ್ದು ಬಂತು, ಪಕ್ಕದವರು ಬರೆದುಕೊಳ್ಳಲಿ. ನಂತರ ಒಂದು ಗೇಣು ಮುಂದೆ, ಮತ್ತೆ ಒಂದು ಗೇಣು ಹಿಂದೆ. ಪ್ರತಿ ಜಾಗಕ್ಕೂ ಟೇಪಿನ ತುಂಡು, ಅದರ ಮೇಲೆ ನಂಬರು. ಎರಡು ಗೇಣಿಗಿಂತ ಹೆಚ್ಚು ಸರಿದರೆ ಸ್ಪೀಕರುಗಳನ್ನೂ ತ್ರಿಕೋನಕ್ಕೆ ಮತ್ತೆ ಹೊಂದಿಸಬೇಕಾಗುತ್ತದೆ.

ಕೇಳುವಾಗ ಎರಡು ಕಡೆ ಮೋಸ ಹೋಗುತ್ತೀರಿ. ಮೊದಲನೆಯದು, ನಮ್ಮ ಕಿವಿಗೆ ತಗ್ಗಿನ ದನಿ ಸಹಜವಾಗಿಯೇ ಕಮ್ಮಿ ಕೇಳುತ್ತದೆ. 65 ಹರ್ಟ್ಸ್‌ನ ಸ್ವರ 200ರಷ್ಟು ಜೋರಿಲ್ಲ ಎಂದು ಅದನ್ನು ನಲ್ ಎಂದು ಬರೆದುಕೊಳ್ಳಬೇಡಿ. ಹೋಲಿಸಬೇಕಾದ್ದು ಅಕ್ಕಪಕ್ಕದ ಸ್ವರಗಳನ್ನು, ಹಾಗೆಯೇ ಒಂದೇ ಸ್ವರವನ್ನು ಎರಡು ಜಾಗಗಳಲ್ಲಿ. ಎರಡನೆಯದು ಇನ್ನೂ ಆಕರ್ಷಕ ಮೋಸ. ಬೇಸ್ ತುಂಬಿ ತುಳುಕುವ ಜಾಗಕ್ಕೆ ಕುರ್ಚಿ ಬಂದಾಗ "ಆಹಾ, ಇದೇ!" ಎನಿಸುತ್ತದೆ. ಅದಲ್ಲ. ಯಾವ ಜಾಗದಲ್ಲಿ ಅತಿ ಕಡಿಮೆ ಸ್ವರಗಳು ಕಾಣೆಯಾಗುತ್ತವೋ ಅದೇ ನಿಮ್ಮ ಜಾಗ. ಉಬ್ಬಿದ ಸ್ವರವನ್ನು ಆಮೇಲೆ ಪ್ಯಾನಲ್‌ನಿಂದಲೋ ಈಕ್ವಲೈಜರ್‌ನಿಂದಲೋ ತಗ್ಗಿಸಬಹುದು, ಕಾಣೆಯಾದದ್ದನ್ನು ತರಲಾಗದು.

ಐದು ಇಂಚಿನ ವೂಫರ್ ಇರುವ ಸ್ಪೀಕರಿನಿಂದ 40 ಹರ್ಟ್ಸ್ ಹುಡುಕುತ್ತ ಕೋಣೆ ತುಂಬ ತಿರುಗುವವರೂ ಇದ್ದಾರೆ. ಆ ಸ್ಪೀಕರಿನಲ್ಲಿ ಅದು ಹುಟ್ಟುವುದೇ ಅಪರೂಪ, ಎಲ್ಲಿ ಕೂತರೂ ಸಿಗುವುದಿಲ್ಲ.

ಹೊತ್ತನ್ನೂ ನೋಡಿಕೊಳ್ಳಿ. ಫ್ಯಾನು, ಫ್ರಿಜ್ಜು ಆಫ್ ಇರಲಿ. ಅಂಕೋಲಾ, ಕಾರವಾರದಲ್ಲಿ ಹೆದ್ದಾರಿ 66ರ ಪಕ್ಕದ ಮನೆಯಾದರೆ ಲಾರಿಗಳ ಗುಡುಗು ಸರಿಯಾಗಿ ನೀವು ಕೇಳಬೇಕಾದ ಸ್ವರಗಳ ಮೇಲೇ ಬಂದು ಕೂರುತ್ತದೆ, ಕೊಂಕಣ ರೈಲಿನದೂ ಹಾಗೆಯೇ. ಶಿರಸಿ ಕಡೆಯ ಜೀರುಂಡೆ ಎಷ್ಟು ಕೂಗಿದರೂ ಅಡ್ಡಿಯಿಲ್ಲ, ಅದರ ದನಿ ಸಾವಿರಾರು ಹರ್ಟ್ಸ್‌ನದು. ಹಂಚಿನ ಮೇಲೆ ಮಳೆ ಸುರಿಯುವಾಗ ಮಾತ್ರ ಈ ಕೆಲಸಕ್ಕೆ ಕೂರಬೇಡಿ.

7. ಗೊತ್ತಿರುವ ಸಂಗೀತದಿಂದ ಒರೆ ಹಚ್ಚಿ

ಸೈನ್ ದನಿ ಒಪ್ಪಿದ ಜಾಗವನ್ನು ನಿಮ್ಮ ಸಂಗೀತವೂ ಒಪ್ಪಬೇಕು. ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಡಗ್ಗಾದ ಮೀಂಡ್. ಅಂಗೈ ಒತ್ತಿ ದನಿಯನ್ನು ಜಾರಿಸುವಾಗ ಅದು ಏರುತ್ತ ಹೋದಂತೆ ನಡುವೆಲ್ಲೂ ಮುಗ್ಗರಿಸಬಾರದು. ಒಂದು ಕಡೆ ಉಬ್ಬಿ ಮತ್ತೊಂದು ಕಡೆ ನೆಲ ತಪ್ಪಿದಂತಾದರೆ ಅರ್ಧ ಗೇಣು ಸರಿಸಿ ಮತ್ತೆ ಕೇಳಿ. ಆಮೇಲೆ ತಂಬೂರಿ. ಖರ್ಜದ ತಂತಿ ಮೀಟಿದಾಗ ಅದರ ಬುಡವೂ ಮೇಲಿನ ಝೇಂಕಾರವೂ ಒಟ್ಟಿಗೆ ಕೇಳಬೇಕು. ಎಲೆಕ್ಟ್ರಾನಿಕ್ ತಂಬೂರಿಯ ಸ್ಪೀಕರಿನಿಂದ ಮೈಕಿಗೆ ಹಿಡಿದದ್ದು ಈ ಪರೀಕ್ಷೆಗೆ ಬಾರದು, ಅದರಲ್ಲಿ ಬುಡವೇ ಇರುವುದಿಲ್ಲ.

ಎಡ-ಬಲದ ಪರೀಕ್ಷೆಗೆ ಒಬ್ಬರೇ ಮಾತಾಡಿದ ಮೋನೋ ಧ್ವನಿ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ಆಗಿ ಬರುವ ಧ್ವನಿ, ಹಾಕಿ. ದನಿ ಎರಡು ಸ್ಪೀಕರಿನ ನಡುವೆ, ಮೂಗಿನ ನೇರಕ್ಕೆ, ಗಟ್ಟಿಯಾಗಿ ನಿಲ್ಲಬೇಕು. ಹರಡಿಕೊಂಡು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಿದ್ದರೆ ಒಂದು ಸ್ಪೀಕರಿನ ತಂತಿ ಉಲ್ಟಾ ಜೋಡಿಸಿರಬಹುದು, ಪ್ಲಸ್ ಮೈನಸ್ ನೋಡಿ. ಉಲ್ಟಾ ಇದ್ದರೆ ಬೇಸ್ ಕೂಡ ಮಾಯವಾಗಿರುತ್ತದೆ, ಹಿಂದಿನ ಹಂತದ ನಿಮ್ಮ ಶ್ರಮವೆಲ್ಲ ನೀರುಪಾಲು. ಹಾಗಾಗಿ ಈ ಒಂದನ್ನು ಆರನೆಯ ಹಂತಕ್ಕೆ ಮೊದಲೇ ನೋಡಿಕೊಂಡರೂ ಒಳ್ಳೆಯದೇ.

8. ಮೈಕ್ ಇದ್ದರೆ ಅಳೆಯಿರಿ

ಕೋಣೆಯ ದನಿಯನ್ನು ಅಳೆಯುವ ರೂಮ್ ಈಕ್ಯೂ ವಿಝಾರ್ಡ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅಳೆಯಲೆಂದೇ ಮಾಡಿದ ಮೈಕ್ ಬೇಕು, ಯುಎಸ್‌ಬಿಗೆ ನೇರ ಹಾಕುವಂಥದ್ದೂ ಇವೆ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ತಂತಿಯಲ್ಲೇ ಕೊಡುವ 48 ವೋಲ್ಟಿನ ಫ್ಯಾಂಟಮ್ ಪವರಿನಲ್ಲಿ ನಡೆಯುವಂಥದ್ದೂ ಇವೆ. ಮೈಕ್ ಜೊತೆ ಬರುವ ಕ್ಯಾಲಿಬ್ರೇಷನ್ ಫೈಲ್ ಅನ್ನು, ಅಂದರೆ ಆ ಮೈಕಿನ ಓರೆಕೋರೆಗಳ ಲೆಕ್ಕವನ್ನು, ಸಾಫ್ಟ್‌ವೇರಿಗೆ ಕೊಡಲು ಮರೆಯಬೇಡಿ. ಹಾಡಿಗೆ ಬಳಸುವ ಮೈಕ್ ಇದಕ್ಕೆ ಆಗದು. ಮೊಬೈಲಿನ ಮೈಕನ್ನು ತಗ್ಗಿನ ಬೇಸ್‌ಗೆ ನಂಬಬೇಡಿ.

ಕುರ್ಚಿ ತೆಗೆದು, ತಲೆ ಇರುವ ಜಾಗದಲ್ಲೇ ಸ್ಟ್ಯಾಂಡಿಗೆ ಮೈಕ್ ಹಾಕಿ. ಎಡ ಒಂದು ಸಲ, ಬಲ ಒಂದು ಸಲ, ಎರಡೂ ಸೇರಿ ಒಂದು ಸಲ ಅಳೆಯಿರಿ. ಬಾಗಿಲು ಮುಚ್ಚಿದ್ದರೆ ಪ್ರತಿ ಸಲವೂ ಮುಚ್ಚಿಯೇ ಇರಲಿ. ಸಾಫ್ಟ್‌ವೇರ್ ಬರೆಯುವ ಗ್ರಾಫಿನಲ್ಲಿ ನೋಡಬೇಕಾದ್ದು 300 ಹರ್ಟ್ಸ್‌ನ ಕೆಳಗಿನ ಗೆರೆ. ಸ್ಮೂಥಿಂಗ್ ಹಾಕಿ ಗೆರೆಯನ್ನು ನುಣುಪು ಮಾಡಿದರೆ ನಿಮಗೆ ಸಮಾಧಾನ, ಹಳ್ಳಗಳು ಮಾತ್ರ ಮುಚ್ಚಿಹೋಗುತ್ತವೆ. ಬೇಸ್ ನೋಡುವಾಗ ಅದನ್ನು ತೆಗೆದಿಡಿ. ವಾಟರ್‌ಫಾಲ್ ಎಂಬ ಇನ್ನೊಂದು ಚಿತ್ರ ಯಾವ ಸ್ವರ ನಿಂತ ಮೇಲೂ ಕೋಣೆಯಲ್ಲಿ ಗುಂಯ್ಗುಡುತ್ತದೆ ಎಂದು ತೋರಿಸುತ್ತದೆ. ಗೆರೆ ಸಪಾಟಾಗಬೇಕೆಂಬ ಹಟ ಬೇಡ. ಮನೆಯ ಕೋಣೆಯಲ್ಲಿ ಅದು ಆಗುವುದಿಲ್ಲ. ಆಳದ ಹಳ್ಳ ಕಡಿಮೆ ಇರುವ ಟೇಪಿನ ನಂಬರು ಯಾವುದೋ ಅಲ್ಲಿಗೆ ಕೆಲಸ ಮುಗಿಸಿ.

9. ಈಗ ಪ್ಯಾನಲ್ ಮಾತು

ಜಾಗ ನಿಕ್ಕಿಯಾದ ಮೇಲೆ ಕುರ್ಚಿಯಲ್ಲಿ ಕೂತುಕೊಳ್ಳಿ, ಇನ್ನೊಬ್ಬರು ಪಕ್ಕದ ಗೋಡೆಗೆ ಕಿವಿಯ ಎತ್ತರದಲ್ಲಿ ಕನ್ನಡಿ ಹಿಡಿದು ಸರಿಸುತ್ತ ಹೋಗಲಿ. ಎಲ್ಲಿ ಕನ್ನಡಿಯಲ್ಲಿ ಟ್ವೀಟರ್ ಕಾಣುತ್ತದೋ ಅಲ್ಲಿಂದಲೇ ಮೊದಲ ಮರುದನಿ ಬರುವುದು. ಎರಡೂ ಗೋಡೆ, ಸ್ಲ್ಯಾಬಿದ್ದರೆ ಮೇಲೂ ಹೀಗೆ ಗುರುತಿಸಿ. ಮೊದಲ ಪ್ಯಾನಲ್ ಅಲ್ಲಿಗೆ, ನಂತರ ಮೂಲೆಗಳಿಗೆ.

ಮೊಟ್ಟೆಯ ಟ್ರೇ ಅಂಟಿಸಿದರೆ ಬೇಸ್‌ಗೆ ಏನೂ ಆಗುವುದಿಲ್ಲ. ಒಂದು ಇಂಚಿನ ಫೋಮ್ ಗೋಡೆ ತುಂಬ ಹೊಡೆದರೆ ಎತ್ತರದ ದನಿ ಮಾತ್ರ ಸತ್ತು, ಗುಂಯ್ಗುಡುವುದು ಹಾಗೇ ಉಳಿದು, ಕೋಣೆ ಮೊದಲಿಗಿಂತ ಮಂಕಾಗುತ್ತದೆ. ಕೌದಿ ನೇತುಹಾಕಿದರೂ ಅಷ್ಟೇ. ನಾಲ್ಕು ಇಂಚಿನ ರಾಕ್‌ವೂಲ್ (ಕಲ್ಲಿನ ಎಳೆಗಳ ದಪ್ಪ ಹಾಸು), ಮೇಲೆ ಗಾಳಿಯಾಡುವ ಬಟ್ಟೆ, ಮರದ ಚೌಕಟ್ಟು, ಇಷ್ಟಿದ್ದರೆ ಉಪಯೋಗ. ಹಳೆಯ ದಪ್ಪ ಹತ್ತಿಯ ಗಾದಿಯನ್ನು ಮೂಲೆಗೆ ನಿಲ್ಲಿಸಿದರೂ ಸ್ವಲ್ಪ ಮಟ್ಟಿಗೆ ನಡೆಯುತ್ತದೆ.

ಪ್ಯಾನಲ್ ಅನ್ನು ಗೋಡೆಗೆ ಒತ್ತಿ ಹೊಡೆಯಬೇಡಿ, ಮೂರ್ನಾಲ್ಕು ಇಂಚು ಬಿಟ್ಟು ನಿಲ್ಲಿಸಿ. ಆ ಸಂದು ಇದ್ದರೆ ಅದೇ ಪ್ಯಾನಲ್ ಇನ್ನೂ ತಗ್ಗಿನ ದನಿಯನ್ನು ಹಿಡಿಯುತ್ತದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಾರಣವೂ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ, ಗಾಳಿಯಾಡದ ಬಟ್ಟೆಗೆ ಬೂಷ್ಟು ಬಂದು ಆಮೇಲೆ ಆ ಕೋಣೆಯಲ್ಲಿ ಹಾಡುವವರ ಗಂಟಲು ಹಿಡಿಯುತ್ತದೆ. ಮಳೆಗಾಲ ಕಳೆದ ಮೇಲೆ ಒಮ್ಮೆ ಬಿಚ್ಚಿ ಬಿಸಿಲಿಗೆ ಹಾಕುವಂತೆ ಕೊಕ್ಕೆಯಲ್ಲಿ ತೂಗುಹಾಕಿ. ಕರಾವಳಿಯವರು ಕೇಬಲ್‌ನ ತುದಿಗಳನ್ನೂ ಆಗಾಗ ಒರೆಸಿ. ಉಪ್ಪುಗಾಳಿಗೆ ಒಂದು ಬದಿಯ ಜ್ಯಾಕ್ ತುಕ್ಕು ಹಿಡಿದು ದನಿ ಇಳಿದರೆ, ಸಮವಾಗಿದ್ದ ಜಾಗವೇ ತಪ್ಪಿದಂತೆ ತೋರುತ್ತದೆ.

ಚಾಪೆಯ ಮೇಲೆ ಕೂರುವವರಿಗೆ

ಹಾರ್ಮೋನಿಯಂ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ನೆಲದ ಮೇಲೆ ಕೂತೇ ಮಿಕ್ಸ್ ಮಾಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಅದರಲ್ಲಿ ತಪ್ಪೇನಿಲ್ಲ, ಎತ್ತರದ ಲೆಕ್ಕವನ್ನು ಮಾತ್ರ ಬೇರೆ ಮಾಡಬೇಕು. 9 ಅಡಿಯ ಕೋಣೆಯಲ್ಲಿ ಕುರ್ಚಿಯ ಮೇಲಿನ ಕಿವಿ 4 ಅಡಿಗೆ, ಅಂದರೆ ಎತ್ತರದ ನಡುವಿನ ಹತ್ತಿರ ಬರುತ್ತದೆ, ಅಲ್ಲಿ 63 ಹರ್ಟ್ಸ್ ಸೊರಗುತ್ತದೆ. ಚಾಪೆಯ ಮೇಲೆ ಕೂತಾಗ ಕಿವಿ ಸುಮಾರು ಎರಡೂವರೆ ಅಡಿಗೆ ಇಳಿದು ಆ ಸ್ವರ ಮರಳಿ ಬರುತ್ತದೆ, ಬದಲಿಗೆ 126ರ ನಲ್ ಹತ್ತಿರವಾಗುತ್ತದೆ. ದಪ್ಪನೆಯ ಒಂದು ದಿಂಬು ಹಾಕಿ ನಾಲ್ಕು ಇಂಚು ಏರಿದರೆ ಎರಡರಿಂದಲೂ ಅಷ್ಟಿಷ್ಟು ತಪ್ಪಿಸಿಕೊಳ್ಳಬಹುದು. ಸ್ಪೀಕರುಗಳನ್ನೂ ಅದೇ ಎತ್ತರಕ್ಕೆ ಇಳಿಸಿ. ನೆಲದಿಂದ ಪುಟಿಯುವ ದನಿ ಈಗ ಹೆಚ್ಚಾಗುವುದರಿಂದ ನಿಮಗೂ ಸ್ಪೀಕರಿಗೂ ನಡುವೆ ದಪ್ಪ ಜಮಖಾನೆ ಹಾಸಿ, ಆರನೆಯ ಹಂತವನ್ನು ಅಲ್ಲಿಂದಲೇ ಕೂತು ಮಾಡಿ.